ಎಂಜಲು ಹಚ್ಚದ ಮುದ್ರೆ

ಅಪ್ಪಾ,

ಸಾಯುವಾಗ ಮುದ್ರೆಯುಂಗುರ ಬಿಚ್ಚಿ ನಿನ್ನ ಮುದ್ದಿನ ಮಗನ ಬೆರಳಿಗೆ ತೊಡಿಸಿ, ಈ ರೋಮನ್ ಪಟ್ಟಣ ಅಕ್ವಿಲೇಯಾದಲ್ಲಿರುವ ನಮ್ಮ ಮುದ್ರೆಗಲ್ಲು ಕೆತ್ತುವ ಅಂಗಡಿಯನ್ನೂ ಅವನ ಕೈಗಿಟ್ಟೆಯಲ್ಲ, ನೋಡು ಅವನ ಚಂದ! ಇವತ್ತು ಅಂಗಡಿ ಮಾರುವ ಪತ್ರಕ್ಕೆ ಮುದ್ರೆ ಒತ್ತಲು ಹೋದ. ಎಂಜಲು ಹಚ್ಚದೆ ಒಣ ಕಲ್ಲನ್ನೇ ಒತ್ತಿದರೆ ಮೇಣ ಬಿಟ್ಟೀತೇ? ಎಳೆದ ರಭಸಕ್ಕೆ ಮುದ್ರೆಯೂ ಕೆಟ್ಟು, ಉಂಗುರದಿಂದ ಕಲ್ಲೇ ಕಿತ್ತು ಬಂತು.

"ಅಕ್ಕಾ, ಬೇಗ ಕೂರಿಸಿಕೊಡೇ, ಮುದ್ರೆ ಬೀಳದೆ ಮಾರಾಟ ಆಗಲ್ಲ, ಸಾಕ್ಷಿಗಳು ಕಾಯ್ತಿದ್ದಾರೆ. ಕಲ್ಲಿನ ಮೇಲಿರೋದು ಅಪ್ಪ ಕೆತ್ತಿದ ಕೊಕ್ಕರೆ, ಹುಷಾರು!" ಅಂತಾನೆ ವಿಬಿಯಸ್.

ಅಪ್ಪ ಕೆತ್ತಿದ್ದಂತೆ! ನಿನ್ನ ಕೈ ನಡುಗತೊಡಗಿದ ಮೇಲೆ ಅದನ್ನು ಕೆತ್ತಿದ್ದು ಯಾರು ಅಂತ ಒಮ್ಮೆಯಾದರೂ ಬಾಯಿಬಿಟ್ಟೆಯಾ?

ಅಂಟಿದ ಮೇಣ ಮೆತ್ತಗಾಗಲೆಂದು ಕಲ್ಲನ್ನು ಬಾಯಿಗೆ ಹಾಕಿಕೊಂಡೆ. ಅವನಿನ್ನೂ ಬಾಗಿಲಲ್ಲಿ ಕೂಗುತ್ತಿದ್ದಾನೆ. ನಾನು ಮಾತಾಡುವಂತಿಲ್ಲ, ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಬಾಯಲ್ಲಿರುವುದು ನನ್ನ ಕೊಕ್ಕರೆ. ಉಗುಳುವುದಿಲ್ಲ, ಹೋಗು.