ಬಸಿಗಾಲುವೆಯ ಒಡ್ಡು

ಮಾರ್ಚ್ ಮೂರು

ನೀರು ಹಂಚುವ ಮಿರಾಬ್ ಮತ್ಯಾಕುಬ್‌ಗೆ ಓನಬೀಬಿ ಅಜ್ಜಿಯ ಸಲಾಮು.

ನೆಲದ ಉಪ್ಪು ತೊಳೆಯಲು ಸೋಮವಾರ ಎಲ್ಲರ ಹೊಲಕ್ಕೂ ನೀರು ಬಿಡುತ್ತೀಯಂತೆ. ನಮ್ಮ ಕಡೆ ಬಿಡಬೇಡ. ಮುದುಕಿಗೆ ಅರಳುಮರಳು ಅನ್ನದೆ ಪೂರ್ತಿ ಓದು. ಹಿತ್ತಲಿನ ಬಸಿಗಾಲುವೆಗೆ ಅಡ್ಡಲಾಗಿ ಮರಳಿನ ಚೀಲಗಳ ಒಡ್ಡು ಇದೆ. ತೊಳೆದ ನೀರು ಹೊರಗೆ ಹೋಗದೆ ನೆಲದಲ್ಲೇ ನಿಂತರೆ, ಬಿಸಿಲು ಬಿದ್ದ ಕೂಡಲೇ ಉಪ್ಪೆಲ್ಲ ಮತ್ತೆ ಮೇಲೆ ಬರುತ್ತದೆ. ಈಗಲೇ ಕರಬೂಜದ ಹೊಲ ಹಿಟ್ಟು ಚೆಲ್ಲಿದಂತೆ ಬೆಳ್ಳಗಿದೆ. ಇನ್ನೊಂದು ವರ್ಷ ಹೀಗಾದರೆ ಅಲ್ಲಿ ಏನೂ ಬೆಳೆಯದು.

ಒಡ್ಡು ಕಟ್ಟಿದವನು ನನ್ನ ಮಗ ರೊಜ್ಮತ್. ಹೋದ ಬೇಸಿಗೆಯಲ್ಲಿ ಭತ್ತದ ಮಡಿಗೆ ನೀರು ನಿಲ್ಲಲಿ ಎಂದು ಕಟ್ಟಿದ, ಆಮೇಲೆ ತೆಗೆಯಲಿಲ್ಲ. ಹೊಟ್ಟು ತುಂಬಲು ಎಂದು ಸುಳ್ಳು ಹೇಳಿ ಚೀಲಗಳನ್ನು ನನ್ನ ಕೈಯಲ್ಲೇ ಹೊಲಿಸಿದ. ಕೇಳಿದರೆ, "ಅಮ್ಮಾ, ನೀನು ರೊಟ್ಟಿ ತಟ್ಟು. ನೀರಿನ ವಿಷಯ ನಂಗೆ ಬಿಡು" ಎಂದ.

"ಬಿಟ್ಟಿದ್ದಕ್ಕೇ ಕಣೋ ಹಿಂಗಾಗಿರೋದು" ಎಂದೆ. ಎದ್ದು ಹೋದ.

ಭಾನುವಾರ ನೀನೇ ಬಾ. ನಾಲ್ಕು ಜನರೆದುರು ಒಡ್ಡನ್ನು ಅವನ ಕೈಯಲ್ಲೇ ಕೀಳಿಸು, ಆಮೇಲೆ ಬೇಕಾದರೆ ಸೋಮವಾರ ನಮಗೂ ನೀರು ಬಿಡು. ಜೊತೆಗೊಬ್ಬ ಗಟ್ಟಿ ಆಳಿರಲಿ, ಒದ್ದೆ ಚೀಲ ಎತ್ತಲು ರೊಜ್ಮತ್‌ಗೆ ಸೊಂಟ ಸರಿಯಿಲ್ಲ. ದೂರು ಕೊಟ್ಟವಳು ನಾನೇ ಎಂದು ಹೇಳು, ಬಚ್ಚಿಡಬೇಡ. ಸೊಂಟದ ಮಾತು ಮಾತ್ರ ಎತ್ತಬೇಡ.

ಇಂತಿ,
ಓನಬೀಬಿ