ವಾರಕ್ಕೆ ಎರಡು ಗಂಟೆ

ಮಾದನಾಯಕನಹಳ್ಳಿ
19-9-1983

ಚಿರಂಜೀವಿ ನಾಣಿಗೆ ನಿನ್ನ ಅಕ್ಕ ಸತ್ಯವತಿಯ ಆಶೀರ್ವಾದಗಳು.

ಗೌರಿ ಹಬ್ಬಕ್ಕೆ ನೀನು ಕಳಿಸಿದ ಸೀರೆ ಹಬ್ಬದ ಹಿಂದಿನ ದಿನವೇ ಬಂತು. ಬಣ್ಣ ಚೆನ್ನಾಗಿದೆ, ಪಂಕಜಾಳೇ ಆರಿಸಿರಬೇಕು. ಉತ್ತರ ಬರೆಯಲು ಹತ್ತು ದಿನ ತಡವಾಯಿತು. ಕೆಲಸ ಜಾಸ್ತಿ ಇತ್ತು ಎಂದರೆ ಅದು ಅರ್ಧ ನಿಜ. ಇನ್ನರ್ಧ, ನಿನ್ನ ಮೇಲಿನ ಕೋಪ. ಹಬ್ಬದ ಸೀರೆ ಕಳಿಸಿದವನಿಗೆ ಬೈದು ಬರೆಯಬಾರದು ಎಂದು ಪೆನ್ನು ಕೆಳಗಿಡುತ್ತಿದ್ದೆ. ಇವತ್ತು ಟಪಾಲಿನಲ್ಲಿ ನಿಮ್ಮ ಕಂಪನಿಯಿಂದ ಒಂದು ಫಾರಂ ಬಂತು ನೋಡು, ಇನ್ನು ನನ್ನ ಕೈಲಿ ತಡೆಯಲು ಆಗುವುದಿಲ್ಲ.

ಫಾರಂ ಇಂಗ್ಲಿಷಿನಲ್ಲಿದೆ. ಜುಲೈಯಲ್ಲಿ ದಾನವಾಗಿ ಕೊಟ್ಟ ಎರಡು ಗಂಟೆಗಳಿಂದ ಎಷ್ಟು ಮಕ್ಕಳಿಗೆ ಪ್ರಯೋಜನವಾಗುತ್ತಿದೆ, ದಿನಕ್ಕೆ ಎಷ್ಟು ಸಲ ಬಾರಿಸುತ್ತೀರಿ ಎಂದು ಕೇಳಿದ್ದಾರೆ. ಇಪ್ಪತ್ತಮೂರು ಕಿವುಡು ಮಕ್ಕಳ ಶಾಲೆಗೆ ಕೊಡಪಾನದ ಗಾತ್ರದ ಎರಡು ಕಂಚಿನ ಗಂಟೆ ಕೊಟ್ಟು ಈ ಪ್ರಶ್ನೆ ಕೇಳುವ ಧೈರ್ಯ ನಿಮ್ಮವರಿಗಲ್ಲದೆ ಇನ್ನಾರಿಗಿದೆ? ಸೊನ್ನೆ ಎಂದು ಬರೆದು ಕಳಿಸಿದ್ದೇನೆ. ಕೆಳಗೆ ಷರಾ ಬರೆಯಲು ಎರಡೇ ಗೆರೆ ಬಿಟ್ಟಿದ್ದಾರೆ, ನನಗೆ ಅದು ಸಾಲದು. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ.

ಗಂಟೆ ನೇತುಹಾಕಲು ಕೊಕ್ಕೆ ಹೊಡೆಸಿದವನೇ ನೀನು. ಆದರೆ ಅವು ಯಾಕೆ ಬಂದವು ಎಂಬುದು ನಿನಗೆ ಗೊತ್ತಿರಲಿಕ್ಕಿಲ್ಲ. ನನ್ನ ಅರ್ಜಿಯ ನಕಲು ಎದುರಿಗೇ ಇದೆ. “ತಮ್ಮ ಕಾರ್ಖಾನೆಯಿಂದ ನಮ್ಮ ಶಾಲೆಗೆ ವಾರಕ್ಕೆ ಎರಡು ಗಂಟೆ ಕೊಡಿಸಿದರೆ ಮಹದುಪಕಾರವಾಗುತ್ತದೆ.” ಮಕ್ಕಳ ಕಿವಿಯ ಯಂತ್ರಗಳು ಕೆಟ್ಟಿವೆ, ಬೆಸುಗೆ ಬಲ್ಲ ಒಬ್ಬರು ವಾರಕ್ಕೊಮ್ಮೆ ಬಂದು ಎರಡು ಗಂಟೆ ಕೂತರೆ ಸಾಕು ಎಂದು ಎರಡನೆಯ ಪುಟದಲ್ಲಿ ವಿವರವಾಗಿ ಬರೆದಿದ್ದೆ. ಆ ಪುಟವನ್ನು ಯಾರೂ ತಿರುಗಿಸಿಯೇ ಇಲ್ಲ! ಮೊದಲ ಪುಟ ಓದಿದ ಗುಮಾಸ್ತ, ಶಾಲೆಗೆ ಬಾರಿಸುವ ಗಂಟೆ ಬೇಕು, ಅದೂ ವಾರದೊಳಗೆ ಬೇಕು ಎಂದು ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆದನಂತೆ. ವಾರ ತುಂಬುವ ಮೊದಲೇ ವ್ಯಾನು ಬಂದು ನಿಂತಿತು. ನಿಮ್ಮವರ ಚುರುಕುತನವನ್ನು ಮೆಚ್ಚಲೇಬೇಕು.

ತಪ್ಪು ನನ್ನದೂ ಇದೆ. ಬೋರ್ಡಿನಲ್ಲಿ ‘ಕಿವುಡು’ ಎಂದಿದ್ದರೆ ಮಕ್ಕಳನ್ನು ಕಳಿಸುವುದಿಲ್ಲ ಎಂದು ಊರಿನವರು ಹಟ ಹಿಡಿದಿದ್ದರಿಂದ ‘ಶಾರದಾ ಮಕ್ಕಳ ವಿದ್ಯಾಕೇಂದ್ರ’ ಎಂದಷ್ಟೇ ಬರೆಸಿದ್ದೆ. ಅರ್ಜಿಯ ತಲೆಯ ಮೇಲೂ ಅದೇ ಹೆಸರು. ಗಂಟೆ ಕೊಡುವ ದಿನ ಶಾಲೆಗೆ ಬಂದ ನಿಮ್ಮ ಜನರಲ್ ಮ್ಯಾನೇಜರು ಅವನ್ನು ಅಷ್ಟು ಜೋರಾಗಿ ಬಾರಿಸಿದರೂ ಒಂದು ಮಗುವೂ ತಿರುಗಿ ನೋಡಲಿಲ್ಲವಲ್ಲ, “ಮಕ್ಳು ತುಂಬಾ ಡಿಸಿಪ್ಲಿನ್ಡ್” ಎಂದು ಹೊಗಳಿ ಕಾರು ಹತ್ತಿದರು. ನಗಬೇಕೋ ಅಳಬೇಕೋ ನನಗೆ ತಿಳಿಯಲಿಲ್ಲ.

ಮರುವಾರ ನಿಮ್ಮ ಪರ್ಸೊನೆಲ್ ಆಫೀಸರ್ ರಾಮಪ್ರಸಾದರ ಹತ್ತಿರ ಹೋಗಿ ಎಲ್ಲ ಬಿಡಿಸಿ ಹೇಳಿದೆ. “ಅಯ್ಯೋ ಮೇಡಂ, ಇಂಗ್ಲಿಷಲ್ಲಿ ಬರ್ದಿದ್ರೆ ಈ ತೊಂದ್ರೇನೇ ಇರ್ತಿರ್ಲಿಲ್ಲ,” ಎಂದರು. ಗಂಟೆ ವಾಪಸು ತಗೊಳ್ಳಿ, ನಾನು ಕೇಳಿದ್ದನ್ನು ಕೊಡಿ ಎಂದೆ. “ಕೊಟ್ಟಿದ್ದು ವಾಪಸ್ ತಗೊಳೋ ಪದ್ಧತಿ ಇಲ್ಲ ಮೇಡಂ. ಈ ವರ್ಷದ್ದು ನಿಮ್ಗೆ ಆಗೋಯ್ತಲ್ಲ, ಮುಂದಿನ್ ವರ್ಷ ನೋಡೋಣ.” ಕಾಫಿ ತರಿಸಿದರು. ಕುಡಿದು ಬಂದೆ.

ನಮಗೆ ಜಾಗ ಕೊಟ್ಟಿರುವ ಚಿಕ್ಕಬೈರಪ್ಪನವರು ಒಂದು ಗಂಟೆಯನ್ನು ಊರ ದೇವಸ್ಥಾನಕ್ಕೆ ಕೇಳಿದರು. “ಮಕ್ಕಳ್ಗಂತೂ ಕೇಳಾಕಿಲ್ಲ, ದ್ಯಾವ್ರಿಗಾದ್ರೂ ಕೇಳ್ಲಿ ಬುಡಮ್ಮ.” ಅದಕ್ಕೂ ಒಪ್ಪಿಗೆ ಇಲ್ಲ. ಕಂಪನಿಯವರು ಯಾವಾಗ ಬಂದು ನೋಡಿದರೂ ಅವು ಅಲ್ಲೇ ತೂಗಾಡುತ್ತಿರಬೇಕಂತೆ. ನನ್ನ ತಲೆಗೆ ದಿನಕ್ಕೊಂದು ಸಲ ಬಡಿಯುತ್ತಿವೆ.

ಇಷ್ಟರ ನಡುವೆ ಒಂದು ಒಳ್ಳೆಯದೂ ಆಯಿತು. ಆ ದಿನ ಹೂವಿನ ತಟ್ಟೆ ಹಿಡಿಯಲು ನಿನ್ನ ಸೆಕ್ಷನ್ನಿನ ವಸಂತಮ್ಮನನ್ನು ಕರೆತಂದಿದ್ದಿರಿ. ಎಲ್ಲರೂ ಫೋಟೋಗೆ ನಿಂತಾಗ ಅವಳು ರಾಮಕ್ಕನ ಮಗಳು ಗಂಗರತ್ನಳ ಎದುರಿಗೆ ಕುಕ್ಕರಗಾಲಿನಲ್ಲಿ ಕೂತು, ಎದೆಯ ಮೇಲಿನ ಯಂತ್ರದ ಡಬ್ಬಿಯಿಂದ ಕಿವಿಗೆ ಹೋಗುವ ವೈರನ್ನು ಬೆರಳಲ್ಲಿ ನೀವಿ ನೋಡುತ್ತಿದ್ದಳು. “ಅಕ್ಕಾ, ಇದು ಒಳ್ಗೇ ಕಟ್ಟಾಗೈತೆ. ಒಂದ್ ಬೆಸುಗೆ ಹಾಕಿದ್ರೆ ಮುಗೀತು. ನಾವು ದಿನಾ ಇಂಥವು ಮುನ್ನೂರು ಹಾಕ್ತೀವಿ,” ಎಂದಳು.

ಗಂಗರತ್ನಳಿಗೆ ಏಳು ವರ್ಷ. ಯಂತ್ರ ಹಾಕಿದ ಮೇಲೆ ಆರು ತಿಂಗಳು ತಿದ್ದಿ ತಿದ್ದಿ ‘ಅವ್ವ’ ಎನ್ನುವುದನ್ನು ಕಲಿಸಿದ್ದೆ. ಯಂತ್ರ ಕೆಟ್ಟು ನಾಲ್ಕು ತಿಂಗಳಲ್ಲಿ ಆ ಮಾತು ಸವೆದು ಬರೀ ‘ಅ’ ಉಳಿದಿತ್ತು, ಆಮೇಲೆ ಅದೂ ನಿಂತಿತು. ಸಿಟಿಗೆ ರಿಪೇರಿಗೆ ಕೊಟ್ಟರೆ ಮೂರು ತಿಂಗಳಿಗೆ ಕಡಿಮೆ ಇಲ್ಲ. ಕೇಳಿಸದ ಒಂದೊಂದು ವಾರವೂ ಈ ಮಕ್ಕಳಿಗೆ ಹಿಂದಕ್ಕೆ ಹೋದಂತೆ, ನಾಣಿ. ನಾನು ಕೇಳಿದ ಎರಡು ಗಂಟೆಯ ಬೆಲೆ ಅದು.

ಮುಂದಿನ ಭಾನುವಾರ ವಸಂತಮ್ಮ ಬಸ್ಸು ಹತ್ತಿ ತಾನೇ ಬಂದಳು, ಸ್ವಂತದ ಬೆಸುಗೆ ಕಡ್ಡಿಯನ್ನು ಟವಲಿನಲ್ಲಿ ಸುತ್ತಿಕೊಂಡು. ಹೀಗೆ ಮೂರು ಭಾನುವಾರ. ಕೆಟ್ಟಿದ್ದ ಹನ್ನೊಂದು ಯಂತ್ರಗಳಲ್ಲಿ ನಾಲ್ಕು ಸರಿಯಾದವು. ಗಂಗರತ್ನ ಹದಿನೈದೇ ದಿನದಲ್ಲಿ ಮತ್ತೆ ‘ಅವ್ವ’ ಅಂದಳು. ರಾಮಕ್ಕ ಹೊಲದ ಕೆಲಸ ಬಿಟ್ಟು ಓಡಿಬಂದು, “ಇನ್ನೊಂದ್ ಕಿತ ಅನ್ನವ್ವಾ, ಇನ್ನೊಂದ್ ಕಿತ,” ಎಂದು ಮಗುವನ್ನು ಸುಸ್ತು ಮಾಡಿಬಿಟ್ಟಳು.

ಈಗ ನಿಮ್ಮಲ್ಲಿ ಭಾನುವಾರವೂ ಓವರ್‌ಟೈಮ್ ಅಂತೆ. ವಸಂತಮ್ಮ ಬರಲು ಆಗುತ್ತಿಲ್ಲ. ಶನಿವಾರ ಎರಡು ಗಂಟೆ ಮುಂಚೆ ಬಿಡಿ ಎಂದು ಗೇಟ್ ಪಾಸ್ ಕೇಳಿದ್ದಕ್ಕೆ, ಸೂಪರ್‌ವೈಸರ್ ಸಾಹೇಬರು, ಅಂದರೆ ನೀನು, “ಇವೆಲ್ಲ ಕಂಪನಿ ರೂಲ್ಸಲ್ಲಿ ಇಲ್ಲಮ್ಮ,” ಎಂದೆಯಂತೆ. ಯಾವ ಶಾಲೆಗೆ ಎಂದು ನೀನು ಕೇಳಲೂ ಇಲ್ಲವಂತೆ. ನಿನಗೆ ಗೊತ್ತಿತ್ತು, ಕೇಳುವುದೇನಿದೆ!

ಇನ್ನೂ ಏಳು ಯಂತ್ರಗಳು ಬಿಸ್ಕತ್ತಿನ ಡಬ್ಬದಲ್ಲಿ ಬಿದ್ದಿವೆ. ಒಂದು ಪಾಸು, ನಿನ್ನ ಒಂದು ಸಹಿ. ಕಂಪನಿ ಕೊಡುವುದಿದ್ದರೆ ಇದನ್ನು ಕೊಡಲಿ. ಇದಕ್ಕೆ ಕಾರೂ ಬೇಡ, ಫೋಟೋನೂ ಬೇಡ. ಮ್ಯಾನೇಜರನ್ನು ಕೇಳಲು ಹೆದರಿಕೆಯಾದರೆ ನನ್ನ ಈ ಕಾಗದವನ್ನೇ ತೋರಿಸು, ಬೈಗುಳ ಇರುವ ಕಡೆ ಮಡಿಚಿಕೋ.

ಪಂಕಜಾಳ ಬೆನ್ನುನೋವಿಗೆ ಬಿಸಿನೀರಿನ ಶಾಖ ನಿಲ್ಲಿಸಬೇಡ ಎಂದು ಹೇಳು. ಬಾವಿಯ ನೀರು ಸೇದುವುದನ್ನು ಸ್ವಲ್ಪ ದಿನ ನೀನೇ ಮಾಡು, ಕೈ ಸವೆಯುವುದಿಲ್ಲ. ಇಬ್ಬರೂ ನೆಮ್ಮದಿಯಾಗಿ, ಆರೋಗ್ಯವಾಗಿ ಬಾಳಿ. ಎಷ್ಟು ಬೈದರೂ ನಿನಗೆ ಒಳ್ಳೆಯದಾಗಲಿ ಎಂದೇ ದಿನಾ ದೀಪ ಹಚ್ಚುತ್ತೇನೆ.

ಇಂತು ನಿನ್ನ ಅಕ್ಕ,
ಸತ್ಯವತಿ

ತಾ.ಕ.: ಮೇಲೆ ಬರೆದ ಯಾವುದಕ್ಕೂ ನಾನು ಹತ್ತು ದಿನ ಸುಮ್ಮನಿರುವವಳಲ್ಲ. ಆ ದಿನ ಫೋಟೋಗೆ ನಿಲ್ಲಿಸುವಾಗ ನೀನು, “ಬನ್ನಿ ಮೇಡಂ, ಸಾಹೇಬ್ರ ಪಕ್ಕಕ್ಕೆ ಬನ್ನಿ,” ಎಂದೆ. ನಾನು ನಿನ್ನ ಮುಖ ನೋಡಿದೆ, ನೀನು ಕ್ಯಾಮೆರಾ ನೋಡುತ್ತಿದ್ದೆ. ಅಕ್ಕನ ಶಾಲೆಗೆ ಕಂಪನಿಯ ದಾನ ಕೊಡಿಸಿದ ಎಂದು ಯಾರಾದರೂ ಆಡಿಕೊಂಡಾರೆಂಬ ಹೆದರಿಕೆ ನಿನಗೆ. ಪ್ರಮೋಷನ್ ಹತ್ತಿರವಿದೆ ಎಂದು ಪಂಕಜಾ ಹೇಳಿದ್ದಳು, ನನಗೆ ಅರ್ಥವಾಗುತ್ತದೆ. ಆದರೂ ನೀನು ನನ್ನನ್ನು ಮೇಡಂ ಎಂದು ಕರೆದದ್ದನ್ನು ಮರೆಯಲು ಆಗುತ್ತಿಲ್ಲ.

ನೀವೆಲ್ಲ ಹೋದ ಮೇಲೆ ಗಂಗರತ್ನ ನನ್ನ ಮೂಗು ಮುಟ್ಟಿ, ನೀನು ಹೋದ ದಾರಿ ತೋರಿಸಿ, ಎರಡು ಬೆರಳು ಜೋಡಿಸಿ, ಇಬ್ಬರ ಮೂಗೂ ಒಂದೇ, ಅವರು ಯಾರು ಎಂದು ಸನ್ನೆಯಲ್ಲೇ ಕೇಳಿದಳು. ಅವಳು ನನ್ನ ತುಟಿಯನ್ನೇ ನೋಡುತ್ತಿದ್ದಳು. ನಾನು, “ಕಂಪನಿಯವರು,” ಎಂದೆ. ಆ ಮಕ್ಕಳಿಗೆ ಇಷ್ಟು ವರ್ಷದಲ್ಲಿ ನಾನು ಹೇಳಿದ ಸುಳ್ಳು ಅದೊಂದೇ.

ಈಗ ಅವಳಿಗೆ ಕೇಳಿಸುತ್ತದೆ. ಒಂದು ಶನಿವಾರ ವಸಂತಮ್ಮನ ಜೊತೆ ನೀನೂ ಬಾ. ಬಾಗಿಲಲ್ಲೇ ನಿಂತು, ಅವಳಿಗೆ ಕೇಳಿಸುವಷ್ಟು ಜೋರಾಗಿ, ಒಂದು ಸಲ ನನ್ನನ್ನು ಅಕ್ಕಾ ಎಂದು ಕರೆ.