ಪಾಪಮ್ಮಕ್ಕನ ಸೆರಗಿನ ಗಂಟು

ತೊರಪಲ್ಲಿ ಅಗ್ರಹಾರ
9 ನವೆಂಬರ್ 2025, ಭಾನುವಾರ

ಪ್ರೀತಿಯ ನಿಮಗೆ, ಚಂದ್ರಲೇಖಾ ಬರೆಯುವುದು,

ಹೇಗಿದ್ದೀರಿ? ಭುಜದ ನೋವು ಕಮ್ಮಿಯಾಯಿತೇ? ಇಡೀ ದಿನ ಕ್ರೇನಿನಲ್ಲಿ ಕೂತು ದುಡಿಯುವವರು ಬರೀ ನೆಲದ ಮೇಲೆ ಮಲಗಬೇಡಿ. ಗುಜರಾತಿನ ಆ ಬಂದರಿನ ಉಪ್ಪುಗಾಳಿ ನಿಮಗೆ ಹಿಡಿಸಿಲ್ಲ ಎಂದು ಫೋನಿನಲ್ಲಿ ನಿಮ್ಮ ದನಿ ಕೇಳಿದರೇ ಗೊತ್ತಾಗುತ್ತದೆ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ನಿಮ್ಮ ಮಗಳು ಪದ್ಮಶ್ರೀ ಶಾಲೆಯ ಖೋಖೋ ತಂಡಕ್ಕೆ ಸೇರಿದ್ದಾಳೆ. ದಿನಾ ಮೊಣಕಾಲು ತರಚಿಕೊಂಡು ಬಂದು ನನಗಿಂತ ಒಂದು ಮುದ್ದೆ ಹೆಚ್ಚಿಗೆ ಉಣ್ಣುತ್ತಾಳೆ. ಅತ್ತೆ ಬದುವಿನಲ್ಲಿ ಹಾಕಿದ ಅವರೆ ಹೂ ಬಿಟ್ಟಿದೆ.

ಫೋನಿರುವಾಗ ಕಾಗದವೇಕೆ ಎನ್ನುತ್ತೀರಿ. ಫೋನಿನಲ್ಲಿ ನಾನು ಅರ್ಧ ಹೇಳುವಷ್ಟರಲ್ಲಿ ನೀವು "ಅಣ್ಣನ್ ಜೊತೆ ಯಾಕಮ್ಮೀ ಜಗಳ" ಎನ್ನುತ್ತೀರಿ, ನನಗೆ ಸಿಟ್ಟು ಬಂದು ಕಟ್ ಮಾಡುತ್ತೇನೆ. ಕಾಗದದಲ್ಲಾದರೆ ನೀವು ನಡುವೆ ಬಾಯಿ ಹಾಕುವಂತಿಲ್ಲ. ಗೋಪಾಲಪ್ಪ ಭಾವ ನಿಮಗೆ ಏನು ಹೇಳಿದ್ದಾರೋ ಗೊತ್ತಿಲ್ಲ. ನಡೆದದ್ದು ಇದು.

ಶೂಳಗಿರಿ ದಾರಿಯ ಹೋಟೆಲಿನಲ್ಲಿ ನನಗೆ ಕೆಲಸ ಕೊಡಿಸಿದವರೇ ಭಾವ. ಅದನ್ನು ನಾನು ಮರೆತಿಲ್ಲ. ಅಲ್ಲಿ ಊಟ ಮಾಡಿ ಎದ್ದವರು ತಟ್ಟೆಯ ಪಕ್ಕ ಬಿಟ್ಟುಹೋಗುವ ಹತ್ತೋ ಇಪ್ಪತ್ತೋ ಮೊದಲಿನಿಂದಲೂ ಬಡಿಸಿದವರಿಗೇ ಸೇರುತ್ತಿತ್ತು. ಅದರಲ್ಲಿ ಸ್ವಲ್ಪ ಮೇಜು ಒರೆಸುವ ಪಾಪಮ್ಮಕ್ಕನಿಗೆ ಕೊಡುತ್ತಿದ್ದೆವು, ಯಾರೂ ಹೇಳದೆಯೇ. ಆಯುಧಪೂಜೆ ಮುಗಿದ ಮೇಲೆ ಮಾಲೀಕರು ಗಲ್ಲಾದ ಪಕ್ಕ ಬೀಗ ಹಾಕಿದ ಸ್ಟೀಲಿನ ಡಬ್ಬಿಯೊಂದನ್ನು ಗೋಡೆಗೆ ಹೊಡೆಸಿದರು. ಟಿಪ್ಸ್ ಎಲ್ಲ ಅದಕ್ಕೇ ಬೀಳಬೇಕು, ಶನಿವಾರ ತೆಗೆದಾಗ ಅರ್ಧ ಇಬ್ಬರು ಸೂಪರ್‌ವೈಸರ್‌ಗಳಿಗೆ, ಉಳಿದರ್ಧ ನಮ್ಮ ಹನ್ನೊಂದು ಜನಕ್ಕೆ. "ಎಲ್ಲಾರುಂ ಒರೇ ಕುಟುಂಬಂ" ಎಂದರು ತಮಿಳಿನಲ್ಲಿ, ಎಲ್ಲರೂ ಒಂದೇ ಮನೆಯವರಂತೆ. ಆ ಇಬ್ಬರು ಸೂಪರ್‌ವೈಸರ್‌ಗಳಲ್ಲಿ ಒಬ್ಬರು ನಿಮ್ಮ ಅಣ್ಣ. ನಾನು ಮೂರು ವಾರ ಬಾಯಿ ಮುಚ್ಚಿಕೊಂಡು ಡಬ್ಬಿಗೆ ಹಾಕಿದೆ. ಮನೆಯವರು ಮನೆಯವರೇ ಜಗಳವಾಡಿ ಬೀದಿಗೆ ಬರುವುದು ಬೇಡ ಅನ್ನಿಸಿತ್ತು.

ಹದಿನೈದು ದಿನದ ಹಿಂದಿನ ಭಾನುವಾರ, ಜನ ಕಿಕ್ಕಿರಿದ ಮಧ್ಯಾಹ್ನ, ಕಾರಿನಲ್ಲಿ ಬಂದವರ ಪುಟ್ಟ ಹುಡುಗಿ ಮೇಜಿನ ಮೇಲೇ ವಾಂತಿ ಮಾಡಿಕೊಂಡಳು. ಎಲ್ಲರೂ ಮೂಗು ಮುಚ್ಚಿಕೊಂಡು ದೂರ ಸರಿದರು. ಪಾಪಮ್ಮಕ್ಕ ಆ ಮಗುವನ್ನು ನಲ್ಲಿಯ ಹತ್ತಿರ ಕರೆದೊಯ್ದು, ಮುಖ ಮೈ ತೊಳೆದು, ತನ್ನ ಸೆರಗಿನಲ್ಲೇ ಒರೆಸಿದಳು. ಹೊರಡುವಾಗ ಮಗುವಿನ ತಾಯಿ ಅವಳ ಕೈಗೆ ನೂರರ ನೋಟು ಇಟ್ಟು ಕೈ ಮುಗಿದಳು. ಪಾಪಮ್ಮಕ್ಕ ಅದನ್ನು ಸೆರಗಿಗೆ ಗಂಟು ಹಾಕಿಕೊಳ್ಳುವುದನ್ನು ಭಾವ ನೋಡಿಬಿಟ್ಟರು. ಅಷ್ಟು ಜನದ ಮುಂದೆ, "ಗಂಟು ಬಿಚ್ಚಮ್ಮೀ, ಡಬ್ಬಿಗಾಕು" ಎಂದರು. "ನಾನೇನ್ ಕದ್ದೀನಾ ಗೋಪಾಲಪ್ಪಾ? ಆ ತಾಯಿ ಕೈಗೇ ಕೊಟ್ಬುಟ್ಟೋದ್ಲು" ಎಂದಳು ಅವಳು. ಅರವತ್ತು ದಾಟಿದ ಹೆಂಗಸು, ಒದ್ದೆ ಸೆರಗನ್ನು ಎದೆಗೊತ್ತಿಕೊಂಡು ನಿಂತಿದ್ದಳು. ಗಂಟು ಬಿಚ್ಚಲು ಶುರು ಮಾಡಿದಳು. ನಾನು ಸಾಂಬಾರಿನ ಬಕೆಟ್ಟು ಕೆಳಗಿಟ್ಟೆ. "ಬಿಚ್ಚಬ್ಯಾಡ ಪಾಪಮ್ಮಕ್ಕ" ಎಂದೆ. ನಿಮ್ಮ ಅಣ್ಣನ ಎದುರು ನಾನು ದನಿ ಎತ್ತಿದ್ದು ಮದುವೆಯಾದ ಹದಿನಾಲ್ಕು ವರ್ಷದಲ್ಲಿ ಅದೇ ಮೊದಲು. ಪಾಪಮ್ಮಕ್ಕ ಗಂಟನ್ನು ಮತ್ತೆ ಬಿಗಿದಳು.

ಅವತ್ತಿನಿಂದ ಹನ್ನೊಂದು ಜನರಲ್ಲಿ ಒಬ್ಬರೂ ಡಬ್ಬಿಗೆ ಹಾಕಲಿಲ್ಲ. ಹಾಗೆಂದು ಬಡಿಸುವುದನ್ನು ನಿಲ್ಲಿಸಲಿಲ್ಲ. ನಮ್ಮ ಜೊತೆಯ ವರಲಕ್ಷ್ಮಿ ತಮಿಳಿನಲ್ಲಿ ಓದಿದವಳು, ಡಬ್ಬಿಯ ವಿಷಯದ ದೂರಿನ ಅರ್ಜಿ ಅವಳೇ ಬರೆದಳು. ಕೆಳಗೆ ಸಹಿ ತಮಿಳಿನಲ್ಲಿ ಕೆಲವರು, ತೆಲುಗಿನಲ್ಲಿ ಇಬ್ಬರು, ಕನ್ನಡದಲ್ಲಿ ನಾನು, ಹೆಬ್ಬೆಟ್ಟು ಪಾಪಮ್ಮಕ್ಕ. ಆ ವಾರದ ಗುರುವಾರ ರಜೆ ಹಾಕಿ ವರಲಕ್ಷ್ಮಿ, ಪಾಪಮ್ಮಕ್ಕ, ನಾನು ಮೂವರೂ ಕೃಷ್ಣಗಿರಿಗೆ ಬಸ್ಸು ಹತ್ತಿ ಕಾರ್ಮಿಕ ಇಲಾಖೆಯ ಕಚೇರಿಗೆ ಕೊಟ್ಟುಬಂದೆವು. ಅಲ್ಲಿದ್ದ ಅಧಿಕಾರಿ ಕೊನೆಯ ಸಾಲಿನವರೆಗೂ ಓದಿದರು, ಮಾಲೀಕರನ್ನು ಕರೆಸಿ ವಿಚಾರಿಸುತ್ತೇವೆ ಎಂದರು. ಅದಾದ ನಾಲ್ಕನೇ ದಿನ ಹೋಟೆಲಿಗೆ ಹೋದರೆ ಗೋಡೆಯ ಮೇಲೆ ಡಬ್ಬಿ ಇಲ್ಲ! ಮೊಳೆ ಹೊಡೆದ ತೂತು ಮಾತ್ರ ಇತ್ತು. ಪಾಪಮ್ಮಕ್ಕ ಅದನ್ನು ಬೆರಳಲ್ಲಿ ಮುಟ್ಟಿ ನೋಡಿ ನಕ್ಕಳು.

ಮೊನ್ನೆ ಭಾವ ಮನೆಗೆ ಬಂದರು. ಅತ್ತೆ ಕಾಫಿ ಕೊಟ್ಟರೂ ಲೋಟ ಮುಟ್ಟಲಿಲ್ಲ. "ನಂಗೂ ಸಂಬಳ ಇಳಿಸವ್ರೆ ಕಣಮ್ಮ, ಮಿಕ್ಕಿದ್ದು ಡಬ್ಬೀಲಿ ತಗೋ ಅಂದ್ರು. ನಾನೇನ್ ಮಾಡ್ಲಿ?" ಎಂದರು. ಅವರ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು. ಆದರೂ ಹೇಳಿದೆ, "ಇಳ್ಸಿದೋರ ಹತ್ರ ಕೇಳಿ ಭಾವ, ಪಾಪಮ್ಮಕ್ಕನ ಸೆರಗಲ್ಲಿ ಯಾಕೆ ಹುಡುಕ್ತೀರಾ?" ಭಾವ ಎದ್ದು ಹೋದರು. ನಿಮ್ಮ ಅಣ್ಣನಿಗೆ ಅವಮಾನ ಮಾಡುವ ಆಸೆ ನನಗಿಲ್ಲ, ಇದನ್ನು ನಂಬಿ. ಆದರೆ ತಪ್ಪು ಎಂದು ನಾನು ಹೇಳಿದ್ದನ್ನು ವಾಪಸು ತೆಗೆದುಕೊಳ್ಳುವುದಿಲ್ಲ.

ಭುಜಕ್ಕೆ ಬಿಸಿ ಎಣ್ಣೆ ಹಚ್ಚಿಕೊಳ್ಳಿ, ಹೊತ್ತಿಗೆ ಸರಿಯಾಗಿ ಉಣ್ಣಿ. ಅತ್ತೆ ನಿಮ್ಮ ತಲೆ ಸವರಿದಂತೆ ಅಂದುಕೊಳ್ಳಲು ಹೇಳಿದ್ದಾರೆ. ಪದ್ಮಶ್ರೀಗೆ ಕೆಂಪು ಪಟ್ಟಿಯ ಶೂ ಬೇಕಂತೆ.

ನಿಮ್ಮವಳೇ ಆದ
ಚಂದ್ರ

ಮರೆತೆ ಅಂದುಕೊಳ್ಳಬೇಡಿ, ಇದು ಈಗಷ್ಟೇ ಆದದ್ದು: ಕವರು ಅಂಟಿಸುವಷ್ಟರಲ್ಲಿ ಭಾವ ಮತ್ತೆ ಬಂದರು. ನಾಳೆಯಿಂದ ನಾನು ಕೆಲಸಕ್ಕೆ ಬರುವುದು ಬೇಡ ಎಂದು ಮಾಲೀಕರು ಹೇಳಿಕಳಿಸಿದ್ದಾರೆ. ಅರ್ಜಿ ವಾಪಸು ಪಡೆದರೆ ಬರಬಹುದಂತೆ. ಬುಧವಾರ ಹನ್ನೊಂದು ಗಂಟೆಗೆ ಕೃಷ್ಣಗಿರಿಯಲ್ಲಿ ವಿಚಾರಣೆ. ನಾನು ಹೋಗುತ್ತೇನೆ, ಉಳಿದ ಹತ್ತು ಜನವೂ ಬರುತ್ತಾರೆ. ಈ ಕಾಗದ ನಿಮ್ಮ ಕೈ ಸೇರುವಷ್ಟರಲ್ಲಿ ಬುಧವಾರ ಕಳೆದಿರುತ್ತದೆ. ಅದು ಗೊತ್ತಿದ್ದೇ ಅಂಚೆಗೆ ಹಾಕುತ್ತಿದ್ದೇನೆ, ನಿಮ್ಮನ್ನು ಕೇಳುತ್ತಿಲ್ಲ, ತಿಳಿಸುತ್ತಿದ್ದೇನೆ. ಭಾವ ಹೊರಡುವ ಮುಂಚೆ ಜೇಬಿನಿಂದ ತಮ್ಮ ಎರಡು ತಿಂಗಳ ಸಂಬಳದ ಚೀಟಿ ತೆಗೆದು ನನ್ನ ಕೈಗಿಟ್ಟರು, ಇಳಿಸುವ ಮುಂಚಿನದು ಒಂದು, ಆಮೇಲಿನದು ಒಂದು. "ಆಫೀಸಲ್ಲಿ ತೋರ್ಸಮ್ಮ. ಯಾರ್ದು ಅಂತ ಕೇಳಿದ್ರೆ ನನ್ ಹೆಸ್ರು ಹೇಳು" ಎಂದರು.